ಪರ-ವಿರೋಧ: 'ಮಾದರಿ ಮಹಿಳೆ' ಸನ್ಮಾನ ಊರಿಗೆ ಬೇಕೇ?

ಮಾರ್ಚ್ 8 ಹತ್ತಿರ ಬಂತೆಂದರೆ ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಹೊಸನಗರಗಳ ಸಭಾಭವನಗಳಲ್ಲಿ ಒಂದಲ್ಲ ಒಂದು ಸಂಘ 'ಮಾದರಿ ಮಹಿಳೆ'ಯೊಬ್ಬರನ್ನು ಆರಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿಯನ್ನೂ ಫಲಕವನ್ನೂ ಕೊಟ್ಟು ಗೌರವಿಸುತ್ತದೆ. ಈ ಪದ್ಧತಿ ಉಳಿಯಬೇಕೇ ಎಂದು ಇಬ್ಬರನ್ನು ಕೇಳಿದೆವು.

ಪರ: ಹೆಸರು ಹಿಡಿದು ಕರೆಯದಿದ್ದರೆ ಮರೆತೇ ಹೋಗುತ್ತದೆ

ನಿವೃತ್ತ ಪ್ರೌಢಶಾಲಾ ಶಿಕ್ಷಕಿ, ಶಿಕಾರಿಪುರ ತಾಲ್ಲೂಕು

ಈ ಬದಿಯಿಂದ ಬರೆಯಬೇಕೆಂದು ಕೇಳಿದಾಗ ಎರಡು ದಿನ ಯೋಚಿಸಿ ಒಪ್ಪಿದೆ. ಸನ್ಮಾನ ಸಮಾರಂಭಗಳಲ್ಲಿ ನಡೆಯುವುದೆಲ್ಲ ನನಗೆ ಹಿಡಿಸುವುದಿಲ್ಲ. ಹತ್ತು ಗಂಟೆಗೆಂದು ಕರೆದು ಮುಖ್ಯ ಅತಿಥಿಗಾಗಿ ಒಂದೂವರೆಯವರೆಗೆ ಕಾಯಿಸುವುದನ್ನು ನೋಡಿದ್ದೇನೆ. ಸನ್ಮಾನಿಸಿಕೊಂಡವರು ಒಂದು ಮೂಲೆಯಲ್ಲಿ, ಸನ್ಮಾನಿಸಿದವರು ನಡುವೆ ನಿಂತ ಫೋಟೊಗಳನ್ನೂ ನೋಡಿದ್ದೇನೆ. ಅದು ತಿದ್ದಿಕೊಳ್ಳಬೇಕಾದ ವಿಷಯ. ಆದರೆ ಸನ್ಮಾನವೇ ಬೇಡ ಎನ್ನುವ ಮಾತನ್ನು ನಾನು ಒಪ್ಪಲಾರೆ. ನನ್ನ ಪಾಲಿಗೆ ಅದಕ್ಕೆ ಒಂದೇ ಕಾರಣ ಸಾಕು: ಈಸೂರು.

ಈಸೂರು ನಮ್ಮ ತಾಲ್ಲೂಕಿನ ಊರು. 1942ರಲ್ಲಿ ಕ್ವಿಟ್ ಇಂಡಿಯಾ ಚಳವಳಿ ಹೊತ್ತಿಕೊಂಡಾಗ ಅಲ್ಲಿಯ ಜನ ತಮ್ಮದು ಸ್ವತಂತ್ರ ಗ್ರಾಮವೆಂದು ಸಾರಿ ದೇವಸ್ಥಾನದ ಮೇಲೆ ತ್ರಿವರ್ಣ ಬಾವುಟ ಹಾರಿಸಿದರು. ಸೆಪ್ಟೆಂಬರ್ ಕೊನೆಯಲ್ಲಿ ನಡೆದ ಘರ್ಷಣೆಯಲ್ಲಿ ಇಬ್ಬರು ಅಧಿಕಾರಿಗಳು ಸತ್ತರು. ಮರುವರ್ಷದ ಮಾರ್ಚ್‌ನಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಎಂಬ ಐವರನ್ನು ಗಲ್ಲಿಗೇರಿಸಲಾಯಿತು. ಈ ಐದು ಹೆಸರುಗಳನ್ನು ನನ್ನ ವಿದ್ಯಾರ್ಥಿಗಳು ಒಂದೇ ಉಸಿರಿನಲ್ಲಿ ಹೇಳುತ್ತಿದ್ದರು; ಹೇಳಲೇಬೇಕು ಕೂಡ. ಆದರೆ ಅದೇ ಪ್ರಕರಣದಲ್ಲಿ ಹೆಂಗಸರೂ ಜೈಲು ಸೇರಿದರು. ಪಾಠ ಮಾಡುವಾಗ ನಾನು ಹಾಲಮ್ಮನ ಹೆಸರು ಹೇಳಿದರೆ ಮಕ್ಕಳು ಪೆನ್ನು ನಿಲ್ಲಿಸಿ ತಲೆಯೆತ್ತುತ್ತಿದ್ದರು. ಆ ಹೆಸರನ್ನು ಅವರು ಅದೇ ಮೊದಲ ಸಲ ಕೇಳುತ್ತಿದ್ದದ್ದು. "ಅವರ ಫೋಟೊ ಇದೆಯಾ ಟೀಚರ್?" ಎಂದು ಒಬ್ಬಳು ಕೇಳಿದಳು. ತೋರಿಸಲು ನನ್ನ ಬಳಿ ಏನೂ ಇರಲಿಲ್ಲ. ಈಸೂರಿನಿಂದ ಬಸ್ಸಿನಲ್ಲಿ ಬರುವ ಮಕ್ಕಳೂ ಆ ತರಗತಿಯಲ್ಲಿದ್ದರು.

ಯಾರೂ ಬೇಕೆಂದು ಮರೆತದ್ದಲ್ಲ. ಆ ಕಾಲದಲ್ಲಿ ಯಾರೂ ಆ ಹೆಂಗಸರನ್ನು ಒಂದು ಸಭೆಯಲ್ಲಿ ನಿಲ್ಲಿಸಿ, ಹೆಸರು ಹಿಡಿದು ಕರೆದು, "ಇವರು ಇಂಥದ್ದು ಮಾಡಿದರು" ಎಂದು ಊರಿಗೆ ಹೇಳಲಿಲ್ಲ. ಹೇಳಿದ್ದರೆ ಆ ಸಭೆಯಲ್ಲಿ ಕುಳಿತಿದ್ದ ಒಂದು ಮಗುವಾದರೂ ನೆನಪಿಟ್ಟುಕೊಂಡು ತನ್ನ ಮಕ್ಕಳಿಗೆ ಹೇಳುತ್ತಿತ್ತು. ಗಂಡಸರ ಹೆಸರು ಕಲ್ಲಿನ ಮೇಲೆ, ರಸ್ತೆಯ ಮೇಲೆ, ಶಾಲೆಯ ಗೋಡೆಯ ಮೇಲೆ ತಾನಾಗಿಯೇ ಬರುತ್ತದೆ. ಹೆಂಗಸರ ಹೆಸರನ್ನು ಯಾರಾದರೂ ಕೈಹಿಡಿದು ತರಬೇಕು. ಸನ್ಮಾನವೆಂದರೆ ನನಗೆ ಅಷ್ಟೇ. ಶಾಲು, ಹಾರ, ಹಣ್ಣು ಎಲ್ಲವೂ ಆ ಕರೆಯುವಿಕೆಗೆ ಒಂದು ನೆಪ.

ರಾಣಿಯರಿಗೂ ಇದೇ ಗತಿ. ಕೆಳದಿಯ ಚೆನ್ನಮ್ಮ 1671ರಿಂದ ಸುಮಾರು 25 ವರ್ಷ ಈ ಮಲೆನಾಡನ್ನು ಬಿದನೂರಿನಿಂದ ಆಳಿದಳು. ಶಿವಾಜಿಯ ಮಗ ರಾಜಾರಾಮ ಮೊಗಲ್ ಸೇನೆಯಿಂದ ತಪ್ಪಿಸಿಕೊಂಡು ಬಂದಾಗ ಆಶ್ರಯ ಕೊಟ್ಟು, ಔರಂಗಜೇಬನ ಸೈನ್ಯವನ್ನು ಎದುರು ಹಾಕಿಕೊಂಡಳು. ಕೆಳದಿ ನಮಗೆ ಒಂದೆರಡು ಗಂಟೆಯ ದಾರಿ. ಹಾಗಿದ್ದರೂ ಪ್ರತಿವರ್ಷ ಉತ್ತರ ಪತ್ರಿಕೆಯಲ್ಲಿ ಕೆಳದಿ ಚೆನ್ನಮ್ಮ ಬ್ರಿಟಿಷರ ವಿರುದ್ಧ ಹೋರಾಡುತ್ತಾಳೆ, ಕಪ್ಪ ಕೊಡಲು ಒಪ್ಪುವುದಿಲ್ಲ! ಕಿತ್ತೂರಿನ ಚೆನ್ನಮ್ಮ ಕತ್ತಿ ಹಿಡಿದದ್ದು 1824ರಲ್ಲಿ. ನಡುವೆ ನೂರೈವತ್ತು ವರ್ಷಗಳಿವೆ. ನಮ್ಮ ಮನೆಬಾಗಿಲಿನ ರಾಣಿಯನ್ನು ನಾವು ಇನ್ನೊಬ್ಬಳ ಹೆಸರಿನೊಳಗೆ ಕಳೆದುಕೊಳ್ಳುತ್ತಿದ್ದೇವೆ ಎಂದು ಕೆಂಪು ಶಾಯಿಯಲ್ಲಿ ಗೆರೆ ಎಳೆಯುವಾಗಲೆಲ್ಲ ನನಗೆ ಸಂಕಟವಾಗುತ್ತಿತ್ತು.

ಈಗ ನನ್ನದೇ ಅನುಭವ. 2018ರಲ್ಲಿ ನಾನು ಸಾಗರ ತಾಲ್ಲೂಕಿನ ಒಂದು ಶಾಲೆಯಲ್ಲಿದ್ದೆ. ಒಂಬತ್ತನೇ ತರಗತಿಗೆ 'ನಾನು ಮೆಚ್ಚಿದ ಮಹಿಳೆ' ಎಂಬ ಪ್ರಬಂಧ ಕೊಟ್ಟೆ. ನಲವತ್ತೊಂದು ಮಕ್ಕಳು. ಕಲ್ಪನಾ ಚಾವ್ಲಾ, ಕಿತ್ತೂರು ಚೆನ್ನಮ್ಮ, ಸುಧಾ ಮೂರ್ತಿ, ಮದರ್ ತೆರೇಸಾ. ಈ ನಾಲ್ವರಲ್ಲಿ ಎಲ್ಲರ ಬರಹವೂ ಮುಗಿಯಿತು. ಎಲ್ಲರೂ ದೊಡ್ಡವರೇ, ಆದರೆ ಮಕ್ಕಳು ಬರೆದದ್ದು ಮಾರ್ಗದರ್ಶಿ ಪುಸ್ತಕದಿಂದ. ಆ ಚಳಿಗಾಲದಲ್ಲೇ ಸಾಗರದ ಕಡೆ ಮಂಗನ ಕಾಯಿಲೆ ಜೋರಾಯಿತು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ರೋಗ ಉಣುಗಿನಿಂದ ಹರಡುತ್ತದೆ. ಆಶಾ ಕಾರ್ಯಕರ್ತೆಯರು ಮನೆಮನೆಗೆ ನಡೆದು, ಕಾಡಿಗೆ ಹೋಗುವವರು ಕೈಕಾಲಿಗೆ ಹಚ್ಚಿಕೊಳ್ಳಲು ತೈಲ ಹಂಚಿದರು, ಮಂಗ ಸತ್ತ ಸುದ್ದಿ ಮುಟ್ಟಿಸಿದರು, ಜ್ವರ ಬಂದವರನ್ನು ಆಸ್ಪತ್ರೆಗೆ ಕರೆದೊಯ್ದರು. 2019ರ ಮಾರ್ಚ್‌ನಲ್ಲಿ ನಾವು ಅವರಲ್ಲೊಬ್ಬರನ್ನು ಶಾಲೆಗೆ ಕರೆದು ಸನ್ಮಾನಿಸಿದೆವು. ಅವರ ಮಗ ಎಂಟನೇ ತರಗತಿಯಲ್ಲಿದ್ದ. ತಾಯಿಯ ಹೆಸರನ್ನು ಧ್ವನಿವರ್ಧಕದಲ್ಲಿ ಕೇಳಿದಾಗ ಅವನ ಬೆನ್ನು ನೆಟ್ಟಗಾದದ್ದನ್ನು ನಾನು ನೋಡಿದೆ.

ಆ ವರ್ಷದ ಕೊನೆಗೆ ಹೊಸ ಒಂಬತ್ತನೇ ತರಗತಿಗೆ ಅದೇ ಪ್ರಬಂಧ ಕೊಟ್ಟೆ. ಒಂಬತ್ತು ಮಕ್ಕಳು ತಮ್ಮ ಊರಿನವರ ಬಗ್ಗೆಯೇ ಬರೆದರು. ಒಬ್ಬ ಹುಡುಗ, ದೀವರ ಮನೆಯವನು, ತನ್ನ ಅಜ್ಜಿ ಹಸೆ ಚಿತ್ತಾರ ಬರೆಯುವುದನ್ನು ವರ್ಣಿಸಿದ್ದ. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿಹಿಟ್ಟಿನ ಬಿಳಿ, ಪುಂಡಿ ನಾರಿನ ಕುಂಚ, ಗೆರೆ ಎಳೆಯುವಾಗ ಅಜ್ಜಿ ಉಸಿರು ಬಿಗಿಹಿಡಿಯುವುದು, ಎಲ್ಲವೂ ಅದರಲ್ಲಿದ್ದವು. ಮೂವತ್ತನಾಲ್ಕು ವರ್ಷದ ವೃತ್ತಿಯಲ್ಲಿ ನಾನು ಓದಿದ ಒಳ್ಳೆಯ ಪ್ರಬಂಧಗಳಲ್ಲಿ ಅದೂ ಒಂದು. ಊರಿನ ಒಬ್ಬರನ್ನು ವೇದಿಕೆಗೆ ಹತ್ತಿಸಿದ್ದರಿಂದ ಉಳಿದವರ ಮೇಲೂ ಮಕ್ಕಳ ಕಣ್ಣು ಬಿತ್ತು ಎಂದು ನಾನು ನಂಬಿದ್ದೇನೆ.

2021ರ ನವೆಂಬರ್‌ನಲ್ಲಿ ಅಂಕೋಲಾದ ತುಳಸಿ ಗೌಡರು ಬರಿಗಾಲಲ್ಲಿ, ಹಾಲಕ್ಕಿ ಸಮುದಾಯದ ಉಡುಗೆಯಲ್ಲೇ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ತೆಗೆದುಕೊಂಡ ಚಿತ್ರವನ್ನು ನೋಡದವರಿಲ್ಲ. ಮನೆಗೆಲಸಕ್ಕೆ ಬರುವ ನಮ್ಮ ಹೆಂಗಸು ಆ ಚಿತ್ರವನ್ನು ಪತ್ರಿಕೆಯಿಂದ ಕತ್ತರಿಸಿಕೊಂಡು ಹೋದಳು. ಯಾಕೆ ಎಂದು ಕೇಳಿದ್ದಕ್ಕೆ, "ನಮ್ಮ ಹಾಗೇ ಇದ್ದಾರಲ್ಲಮ್ಮ" ಎಂದಳು. ಈ ಮಾತಿಗೆ ನಾನು ಇನ್ನೇನನ್ನೂ ಸೇರಿಸಬೇಕಿಲ್ಲ.

ಸನ್ಮಾನ ಬೇಡವೆನ್ನುವವರ ವಾದ ನನಗೆ ಹೊಸದಲ್ಲ. ಹೊಗಳಿದರೆ ಹೆಣ್ಣು ಕೆಡುತ್ತಾಳೆ, ಮನೆಯೊಳಗೆ ಮಾಡಿದ್ದಕ್ಕೆ ಬಹುಮಾನ ಯಾಕೆ ಎಂದು ನಮ್ಮ ಅಜ್ಜಂದಿರು ಹೇಳುತ್ತಿದ್ದರು. ಈಗಿನವರು ಅದನ್ನೇ ಹೊಸ ಪದಗಳಲ್ಲಿ ಹೇಳುತ್ತಾರೆ. ಸಂಕೋಚದಿಂದ ಮೂಲೆಯಲ್ಲಿ ನಿಂತವಳನ್ನು ಮೂಲೆಯಲ್ಲೇ ಬಿಡುವುದು ಅವಳಿಗೆ ಮಾಡುವ ಉಪಕಾರವೆಂದು ನಾನು ಎಣಿಸುವುದಿಲ್ಲ.

ಈ ಸಲದ ಮಾರ್ಚ್‌ಗೆ ನಮ್ಮೂರಿನ ಸಂಘದವರು ನನ್ನನ್ನು ಆಯ್ಕೆಗೆ ಕರೆದಿದ್ದಾರೆ. ಮೂರು ಹೆಸರು ಬರೆದಿಟ್ಟುಕೊಂಡಿದ್ದೇನೆ. ಮೊದಲನೆಯವರು ಬಿಸಿಯೂಟದ ಅಡುಗೆಯವರು. ಯಾವ ಮಗು ಮನೆಯಲ್ಲಿ ಉಣ್ಣದೆ ಬಂದಿದೆ ಎಂದು ಮುಖ ನೋಡಿಯೇ ತಿಳಿದು, ಅದು ಕೇಳುವ ಮೊದಲೇ ಇನ್ನೊಂದು ಸೌಟು ಬಡಿಸುವವರು.

ವಿರೋಧ: ಶಾಲು ಹೊದಿಸಿ ಬಾಯಿ ಮುಚ್ಚಿಸುವುದು ಸಾಕು

ಅಡಿಕೆ ಬೆಳೆಗಾರ್ತಿ, ಹೊಸನಗರ ತಾಲ್ಲೂಕು

ಮಂಡಿಗೆ ಅಡಿಕೆ ಹಾಕುವವರಿಗೆ 'ಮಾದರಿ' ಎಂಬ ಪದದ ಇನ್ನೊಂದು ಅರ್ಥ ಗೊತ್ತು. ಮೂಟೆಯಿಂದ ಒಂದು ಹಿಡಿ ತೆಗೆದು ಅಂಗೈಯಲ್ಲಿಟ್ಟು, ಎರಡು ಅಡಿಕೆ ಒಡೆದು ನೋಡಿ, ಇದು ರಾಶಿ, ಇದು ಬೆಟ್ಟೆ, ಇದು ಗೊರಬಲು ಎಂದು ಇಡೀ ಮೂಟೆಗೆ ದರ ಕಟ್ಟುತ್ತಾರೆ. ಆ ಹಿಡಿಗೆ ಮಾದರಿ ಎನ್ನುತ್ತೇವೆ. 'ಮಾದರಿ ಮಹಿಳೆ' ಎಂದು ಒಬ್ಬಳನ್ನು ವೇದಿಕೆಗೆ ಎಳೆದಾಗ ನಡೆಯುವುದೂ ಇದೇ. ಅವಳನ್ನು ತೋರಿಸಿ ಉಳಿದ ಹೆಂಗಸರಿಗೆಲ್ಲ ದರ ಕಟ್ಟಲಾಗುತ್ತದೆ. ಇದನ್ನು ನಾನು ಕಣ್ಣಾರೆ ಕಂಡು, ಒಂದೇ ಮನೆಯ ಇಬ್ಬರು ಹೆಂಗಸರು ಅದರಿಂದ ನೊಂದದ್ದನ್ನು ನೋಡಿ ಹೇಳುತ್ತಿದ್ದೇನೆ.

ನನ್ನ ದೊಡ್ಡಮ್ಮನ ವಿಷಯ ಹೇಳುತ್ತೇನೆ. 1984ರಲ್ಲಿ ದೊಡ್ಡಪ್ಪ ತೀರಿಕೊಂಡಾಗ ಅವಳಿಗೆ ಮೂವತ್ತೆರಡು ವರ್ಷ. ಇಬ್ಬರು ಹೆಣ್ಣುಮಕ್ಕಳು, ಎರಡು ಗುಡ್ಡಗಳ ನಡುವೆ ಮೂರು ಎಕರೆ ತೋಟ. ಮೈದುನಂದಿರು "ನೀವು ಒಳಗಿರಿ ಅತ್ತಿಗೆ, ತೋಟ ನಾವು ನೋಡಿಕೊಳ್ಳುತ್ತೇವೆ" ಎಂದರು. ಮೊದಲ ಮಳೆಗಾಲದಲ್ಲಿ ಅವರು ನೋಡಿಕೊಂಡ ರೀತಿಗೆ ಅರ್ಧ ಫಸಲು ಕೊಳೆ ರೋಗಕ್ಕೆ ಉದುರಿತು. ಎರಡನೆಯ ವರ್ಷ ದೊಡ್ಡಮ್ಮ ಸೆರಗು ಸಿಕ್ಕಿಸಿಕೊಂಡು ತಾನೇ ಕೊಳೆಗೆ ಹೊಡೆಯುವ ಬೋರ್ಡೋ ದ್ರಾವಣ ಮಾಡಲು ನಿಂತಳು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು. ತಿರುಗಾ ಮಾಡಿದರೆ ಕೆಡುತ್ತದೆ. ಹದ ನೋಡಲು ಹೊಳೆಯುವ ಕತ್ತಿಯನ್ನು ಅದ್ದಿ ಎತ್ತಬೇಕು. ಅಲಗು ಕೆಂಪಡರಿದರೆ ಇನ್ನೂ ಸುಣ್ಣ ಬೇಕು. ಇದನ್ನು ನನಗೆ ಕಲಿಸಿದವಳು ಅವಳು. ನಾನು ಇಂದಿಗೂ ಹಾಗೆಯೇ ಮಾಡುತ್ತೇನೆ. ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೊನೆಗಾರರ ಜೊತೆ ಕೂಲಿ ಮಾತಾಡಿದಳು. ಮಂಡಿಯಲ್ಲಿ ತೂಕದಲ್ಲಿ ಮೋಸವಾಯಿತೆಂದು ಎಲ್ಲರೆದುರು ಮೂಟೆಯನ್ನು ಮತ್ತೆ ತಕ್ಕಡಿಗೆ ಹಾಕಿಸಿದಳು. ತೋಟದ ದಾರಿಗೆ ಬೇಲಿ ಹಾಕಿದ ಪಕ್ಕದವನ ಮೇಲೆ ಕೋರ್ಟಿಗೆ ಹೋದಳು.

ಎಲ್ಲಕ್ಕಿಂತ ದೊಡ್ಡ ಕಾದಾಟ ಖಾತೆಯದು. ಗಂಡ ಸತ್ತರೆ ಅವನ ಪಾಲಿನಲ್ಲಿ ಹೆಂಡತಿಗೆ ಹಕ್ಕಿದೆ ಎಂದು ಹಿಂದೂ ಉತ್ತರಾಧಿಕಾರ ಕಾಯ್ದೆ ಹೇಳಿದ್ದು 1956ರಲ್ಲಿ. ಅದಕ್ಕೂ ಮೊದಲು, ನಮ್ಮ ಶಿವಮೊಗ್ಗ ಸೇರಿದ್ದ ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಮಹಿಳೆಯರ ಹಕ್ಕುಗಳಿಗೆ ಕಾಯ್ದೆ ತಂದಿತ್ತು. ಇಷ್ಟೆಲ್ಲ ಇದ್ದೂ ಪೌತಿ ಖಾತೆ, ಅಂದರೆ ಸತ್ತವರ ಜಮೀನಿನ ದಾಖಲೆ ವಾರಸುದಾರರಿಗೆ ಬರುವುದು, ದೊಡ್ಡಮ್ಮನ ಹೆಸರಿಗೆ ಆಗಲು ಹನ್ನೊಂದು ವರ್ಷ ಹಿಡಿಯಿತು. ಮೈದುನಂದಿರ ತಕರಾರು, ಕಚೇರಿಯಲ್ಲಿ ಕಡತ ಕಾಣೆ, ಬಂದ ಅಧಿಕಾರಿಗೆ ವರ್ಗ. ತಿಂಗಳಿಗೊಮ್ಮೆ ಅವಳು ಬೆಳಗಿನ ಬಸ್ಸು ಹಿಡಿದು ಹೋಗಿ, ಮಧ್ಯಾಹ್ನದವರೆಗೆ ಕಟ್ಟೆಯ ಮೇಲೆ ಕೂತು, ಕೊನೆಗೆ ಮೇಜಿನೆದುರು ನಿಂತು ಜೋರಾಗಿ ಕೇಳುತ್ತಿದ್ದಳು. "ಆ ಗಯ್ಯಾಳಿ ಬಂದಳು" ಎಂದು ಒಳಗೆ ಅನ್ನುತ್ತಿದ್ದದ್ದು ಅವಳ ಕಿವಿಗೂ ಬಿದ್ದಿತ್ತು. 1995ರಲ್ಲಿ ಪಹಣಿಯಲ್ಲಿ ಅವಳ ಹೆಸರು ಬಂತು.

2009ರ ಮಾರ್ಚ್‌ನಲ್ಲಿ ಒಂದು ಸಂಘದವರು ಅವಳಿಗೆ 'ಮಾದರಿ ಮಹಿಳೆ' ಸನ್ಮಾನ ಮಾಡಿದರು. ನಾನೂ ಜೊತೆಗೆ ಹೋಗಿದ್ದೆ. ಭಾಷಣಕಾರರು "ಕಾರ್ಯೇಷು ದಾಸೀ" ಎಂದು ಆರಂಭಿಸಿ "ಕ್ಷಮಯಾ ಧರಿತ್ರೀ" ಎಂಬಲ್ಲಿ ದನಿ ಏರಿಸಿದರು. ಈ ತಾಯಿ ಗಂಡನನ್ನು ಕಳೆದುಕೊಂಡರೂ ಧೃತಿಗೆಡಲಿಲ್ಲ, ಯಾರ ಮೇಲೂ ದೂರು ಹೇಳಲಿಲ್ಲ, ಒಂದು ದಿನವೂ ದನಿ ಎತ್ತಲಿಲ್ಲ, ಬಂದದ್ದನ್ನೆಲ್ಲ ನುಂಗಿಕೊಂಡು ಮಕ್ಕಳನ್ನು ಬೆಳೆಸಿದರು, ಇಂದಿನ ಹೆಣ್ಣುಮಕ್ಕಳು ಇವರನ್ನು ನೋಡಿ ಕಲಿಯಬೇಕು ಎಂದರು. ಜನ ಚಪ್ಪಾಳೆ ತಟ್ಟಿದರು. ಮೈದುನಂದಿರು ಮುಂದಿನ ಸಾಲಿನಲ್ಲೇ ಕೂತಿದ್ದರು, ಅವರೂ ತಟ್ಟಿದರು. ದೊಡ್ಡಮ್ಮ ತಲೆ ತಗ್ಗಿಸಿ ಕೂತಿದ್ದಳು. ಅದನ್ನು ಎಲ್ಲರೂ ವಿನಯ ಎಂದುಕೊಂಡರು. ಅವಳಿಗೆ ಎರಡು ಮಾತಾಡಲು ಯಾರೂ ಹೇಳಲಿಲ್ಲ. ವಂದನಾರ್ಪಣೆಗೆ ಹೊತ್ತಾಗಿತ್ತು.

ಸಂಜೆಯ ಬಸ್ಸಿನಲ್ಲಿ ಹಣ್ಣಿನ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತಿದ್ದವಳು ಇದ್ದಕ್ಕಿದ್ದಂತೆ ಕೇಳಿದಳು: "ಅವರು ಹೇಳಿದ ಆ ಹೆಂಗಸು ಯಾರು ಮಾರಾಯ್ತಿ?"

ನಾನು ಏನು ಹೇಳಲಿ? ಅವಳ ಹನ್ನೊಂದು ವರ್ಷದ ಬಸ್ಸು, ಕತ್ತಿಯ ಅಲಗಿನ ಕೆಂಪು, ಮಂಡಿಯ ತಕ್ಕಡಿ, ಕೋರ್ಟಿನ ಮೆಟ್ಟಿಲು, ಯಾವುದನ್ನೆಲ್ಲ ಮಾಡಿ ಅವಳು ಅವಳಾದಳೋ ಅದಿಷ್ಟನ್ನೂ ತೆಗೆದುಹಾಕಿ, ಉಳಿದದ್ದಕ್ಕೆ ಶಾಲು ಹೊದಿಸಿದ್ದರು. ದನಿ ಎತ್ತಿ ಬದುಕಿದವಳನ್ನು ದನಿ ಎತ್ತದವಳೆಂದು ಹೊಗಳಿದರು. ಅವಳನ್ನು ಗಯ್ಯಾಳಿ ಎಂದು ಬೈದವರು ಕೂಡ ಅವಳಿಗೆ ಇಷ್ಟು ಅನ್ಯಾಯ ಮಾಡಿರಲಿಲ್ಲ. ಅವರು ಕನಿಷ್ಠ ಅವಳನ್ನು ಸರಿಯಾಗಿ ನೋಡಿದ್ದರು.

ಕಥೆ ಅಲ್ಲಿಗೆ ಮುಗಿದಿದ್ದರೆ ನಾನು ಇಷ್ಟು ಕಟುವಾಗಿ ಬರೆಯುತ್ತಿರಲಿಲ್ಲ. ಎರಡು ವರ್ಷದ ಮೇಲೆ ಅವಳ ಹಿರಿಮಗಳು, ನನಗೆ ಅಕ್ಕ, ಗಂಡನ ಮನೆ ಬಿಟ್ಟು ಏಳು ವರ್ಷದ ಮಗನನ್ನು ಕರೆದುಕೊಂಡು ತವರಿಗೆ ಬಂದಳು. ಕಾರಣ ಇಲ್ಲಿ ಬೇಡ. ಕೈಯ ಮೂಳೆ ಕೂಡಲು ಎರಡು ತಿಂಗಳು ಹಿಡಿಯಿತು ಎಂದಷ್ಟು ಹೇಳುತ್ತೇನೆ. ಆಗ ಮನೆಗೆ ಬಂದ ನೆಂಟರೆಲ್ಲ ಜಗಲಿಯಲ್ಲಿ ಕೂತು, ಗೋಡೆಗೆ ಹೊಡೆದಿದ್ದ ಆ ಫಲಕದ ಕಡೆ ಕೈ ಮಾಡಿ ಒಂದೇ ಮಾತು ಹೇಳಿದರು: "ನಿನ್ನ ಅಮ್ಮನನ್ನು ನೋಡು. ಎಷ್ಟು ಸಹಿಸಿದಳು! ಸುಮ್ಮನೆ ಸನ್ಮಾನ ಮಾಡಿದರಾ?" ಆ ಫಲಕವನ್ನು ಗೋಡೆಗೆ ಹೊಡೆದವನೂ ಮೈದುನನೇ. ಅಕ್ಕ ಅಡುಗೆಮನೆಯಿಂದ ಹೊರಗೆ ಬರುವುದನ್ನೇ ಬಿಟ್ಟಳು. ತನ್ನ ತಾಯಿಯ ಮನೆಯಲ್ಲಿ, ತನ್ನ ತಾಯಿಯ ಹೆಸರಿನಿಂದಲೇ ಅವಳಿಗೆ ಪೆಟ್ಟು ಬೀಳುತ್ತಿತ್ತು. ದೊಡ್ಡಮ್ಮ ಒಂದು ದಿನ ಬಂದವರೆದುರು ಹೇಳಿದಳು: "ನಾನು ಸಹಿಸಿದ್ದು ಅಂತ ನಿಮಗೆ ಹೇಳಿದವರು ಯಾರು? ನನ್ನ ಕಾಲಕ್ಕೆ ಹೋಗಲು ಜಾಗವಿರಲಿಲ್ಲ. ಇವಳಿಗೆ ಇದೆ. ಈ ಮನೆ ನನ್ನ ಹೆಸರಿನಲ್ಲಿದೆ."

ಈ ಮನೆ ನನ್ನ ಹೆಸರಿನಲ್ಲಿದೆ. ಇಷ್ಟು ವರ್ಷದಲ್ಲಿ ನಾನು ಕೇಳಿದ ಮಾತುಗಳಲ್ಲಿ ಇದಕ್ಕಿಂತ ದೊಡ್ಡದು ಇನ್ನೊಂದಿಲ್ಲ. ಈ ಮಾತಿಗೆ ಯಾರೂ ಸನ್ಮಾನ ಮಾಡುವುದಿಲ್ಲ.

ನಮ್ಮ ಕಡೆ ಹೆಣ್ಣಿಗೆ ಯಾವುದಕ್ಕೆ ಹೊಗಳಿಕೆ ಸಿಗುತ್ತದೆ ಎಂದು ಒಮ್ಮೆ ಲೆಕ್ಕ ಹಾಕಿ. ಅಣ್ಣತಮ್ಮಂದಿರ ಪಾಲಾಗುವಾಗ ಹಕ್ಕು ಬಿಟ್ಟುಕೊಡುವ ಪತ್ರಕ್ಕೆ ಮರುಮಾತಿಲ್ಲದೆ ಸಹಿ ಹಾಕಿದ ಅಕ್ಕ ಬಂಗಾರದಂಥವಳು. ಪಾಲು ಕೇಳಿದ ತಂಗಿ ತವರಿಗೆ ಎರವಾದವಳು. ಕರ್ನಾಟಕದಲ್ಲಿ 1994ರಲ್ಲೇ ತಿದ್ದುಪಡಿ ಬಂದು ಮದುವೆಯಾಗದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಷ್ಟೇ ಹಕ್ಕು ಬಂತು, 2005ರಲ್ಲಿ ಕೇಂದ್ರದ ತಿದ್ದುಪಡಿ ಮದುವೆಯಾದವರಿಗೂ ಅದನ್ನು ಕೊಟ್ಟಿತು, 2020ರಲ್ಲಿ ಸುಪ್ರೀಂ ಕೋರ್ಟು ಆ ಹಕ್ಕು ಹುಟ್ಟಿನಿಂದಲೇ ಬರುವುದೆಂದು ಸ್ಪಷ್ಟಪಡಿಸಿತು. ಆದರೂ ತೋಟದ ಮನೆಗಳಲ್ಲಿ ಈಗಲೂ 'ಒಳ್ಳೆಯ ಮಗಳು' ಎಂದರೆ ಸಹಿ ಹಾಕಿದವಳು. ನಾನು ನೋಡಿದ ಇಪ್ಪತ್ತಕ್ಕೂ ಹೆಚ್ಚು ಸನ್ಮಾನಗಳಲ್ಲಿ ಪಾಲು ಕೇಳಿ ಪಡೆದ ಒಬ್ಬಳೂ ಇರಲಿಲ್ಲ. ಗಂಡನನ್ನು ಬಿಟ್ಟವಳೂ ಇರಲಿಲ್ಲ. ಜಾತಿ ಮೀರಿ ಮದುವೆಯಾದವಳೂ ಇರಲಿಲ್ಲ. ಕೂಲಿ ಹೆಚ್ಚಿಸಿ ಎಂದು ಅಡಿಕೆ ಸುಲಿಯುವುದನ್ನು ನಿಲ್ಲಿಸಿ ಎದ್ದು ಹೋದವಳಂತೂ ಇರಲೇ ಇಲ್ಲ. ಸಹಿಸಿದವರು, ಸೇವೆ ಮಾಡಿದವರು, ಬಿಟ್ಟುಕೊಟ್ಟವರು ಇದ್ದರು. ಹೆಂಗಸು ತನಗಾಗಿ ಕೇಳಿದ ತಕ್ಷಣ ಮಾದರಿಯ ಪಟ್ಟಿಯಿಂದ ಅವಳ ಹೆಸರು ಹೋಗುತ್ತದೆ.

ನಮ್ಮ ಜಿಲ್ಲೆಯ ಉಡುತಡಿಯಲ್ಲಿ ಹುಟ್ಟಿದ ಅಕ್ಕಮಹಾದೇವಿಯ ಚಿತ್ರಕ್ಕೆ ಈ ಸಭೆಗಳಲ್ಲಿ ಹೂ ಹಾಕಿಯೇ ದೀಪ ಹಚ್ಚುತ್ತಾರೆ. ಅವಳು ಮಾಡಿದ್ದೇನು? ಅರಸನ ಅರಮನೆಯನ್ನು, ಬಂಧುಗಳನ್ನು, ಉಟ್ಟ ಬಟ್ಟೆಯನ್ನು ಕೂಡ ಬಿಟ್ಟು ಒಬ್ಬಳೇ ಕಲ್ಯಾಣಕ್ಕೆ ನಡೆದಳು, ಅಲ್ಲಿ ಶರಣರೆದುರು ನಿಂತು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು, ಮತ್ತೆ ಒಬ್ಬಳೇ ಶ್ರೀಶೈಲಕ್ಕೆ ಹೊರಟಳು. ನನ್ನ ಅಕ್ಕ ಮುರಿದ ಕೈಯಿಟ್ಟುಕೊಂಡು ಬರೀ ನಲವತ್ತು ಕಿಲೋಮೀಟರ್ ದಾಟಿ ತಾಯಿಯ ಮನೆಗೆ ಬಂದಳು. ಒಬ್ಬಳಿಗೆ ಹೂ, ಇನ್ನೊಬ್ಬಳಿಗೆ ಬುದ್ಧಿಮಾತು. ಎಂಟುನೂರು ವರ್ಷ ಕಳೆದ ಮೇಲೆ ಮಾತ್ರ ಮನೆ ಬಿಟ್ಟ ಹೆಣ್ಣನ್ನು ಮೆಚ್ಚುವುದು ಎಂಥ ಮೆಚ್ಚುಗೆ?

ಪರವಾಗಿ ಬರೆಯುವವರು ಹೆಸರು ಉಳಿಸುವ ಮಾತು ತೆಗೆಯುತ್ತಾರೆ, ರಾಣಿಯರನ್ನೂ ಪದ್ಮಶ್ರೀಗಳನ್ನೂ ಸಾಲಾಗಿ ನಿಲ್ಲಿಸುತ್ತಾರೆ ಎಂದು ನನಗೆ ಗೊತ್ತು. ರಾಣಿ ಯುದ್ಧ ಮಾಡಿದ್ದಕ್ಕೂ ನಮ್ಮೂರಿನ ಹಣ್ಣಿನ ಬುಟ್ಟಿಗೂ ಸಂಬಂಧವಿಲ್ಲ. ತುಳಸಿ ಗೌಡರ ವಿಷಯವನ್ನೇ ತೆಗೆದುಕೊಳ್ಳಿ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಶಕಗಳ ಕಾಲ ದಿನಗೂಲಿಯಾಗಿ ದುಡಿದವರು ಅವರು. ಎಲ್ಲರೂ ಬರಿಗಾಲನ್ನು ಹೊಗಳಿದರು. ದಿನಗೂಲಿಯ ಬಗ್ಗೆ ಯಾರು ಬರೆದರು? ಆಶಾ ಕಾರ್ಯಕರ್ತೆಯರಿಗೆ ಹಾರ ಹಾಕುವ ಊರುಗಳಿಗೆ ಕೊರತೆಯಿಲ್ಲ. ಅವರಿಗೆ ಇನ್ನೂ ಸಂಬಳವೆಂಬುದಿಲ್ಲ, ಗೌರವಧನ ಮತ್ತು ಪ್ರೋತ್ಸಾಹಧನ. ಅದನ್ನು ಹೆಚ್ಚಿಸಿ ಎಂದು 2025ರ ಜನವರಿಯ ಚಳಿಯಲ್ಲಿ ಅವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ರಾತ್ರಿಯೂ ಮಲಗಿದ್ದರು. ಹಾರ ಹಾಕಿದವರಲ್ಲಿ ಎಷ್ಟು ಜನ ಅಲ್ಲಿಗೆ ಹೋದರು? ಕೊಡಬೇಕಾದ್ದನ್ನು ಕೊಡದೆ ಇರಲು ಸನ್ಮಾನ ಸುಲಭದ ದಾರಿ.

ನನಗೂ ಮೆಚ್ಚಿನವರಿದ್ದಾರೆ. ತೀರ್ಥಹಳ್ಳಿಯ ಎಂ.ಕೆ. ಇಂದಿರಾ ಚಿಕ್ಕ ವಯಸ್ಸಿಗೇ ಮದುವೆಯಾಗಿ, ಸಂಸಾರ ನಡೆಸಿ, ನಲವತ್ತು ದಾಟಿದ ಮೇಲೆ ಬರೆಯಲು ಕೂತವರು. ಅದೇ ತೀರ್ಥಹಳ್ಳಿಯ ಅನುಪಮಾ ನಿರಂಜನ ವೈದ್ಯೆ. ಬಸಿರು, ಬಾಣಂತನ, ಹೆಣ್ಣಿನ ದೇಹ ಎಂದರೆ ದನಿ ತಗ್ಗಿಸುತ್ತಿದ್ದ ಕಾಲದಲ್ಲಿ ಅದನ್ನೆಲ್ಲ ತಿಳಿಗನ್ನಡದಲ್ಲಿ ಬರೆದು ಕೈಗೆ ಕೊಟ್ಟರು. ನನ್ನ ಅಮ್ಮ ಅವರ ಪುಸ್ತಕವೊಂದನ್ನು ಅಕ್ಕಿ ಡಬ್ಬಿಯ ಹಿಂದೆ ಇಟ್ಟುಕೊಂಡು ಓದುತ್ತಿದ್ದಳು. ಇವರಿಬ್ಬರೂ ನನಗೆ 'ಹೀಗಿರು' ಎಂದು ಹೇಳಲಿಲ್ಲ. ಒಬ್ಬರನ್ನು ಓದಿ ತಡವಾಗಿ ಶುರುಮಾಡಿದರೂ ಆಗುತ್ತದೆ ಎಂದು ತಿಳಿಯಿತು. ಇನ್ನೊಬ್ಬರನ್ನು ಓದಿ ಯಾವ ಪ್ರಶ್ನೆಯನ್ನು ವೈದ್ಯರಿಗೆ ಕೇಳಬೇಕು ಎಂದು ತಿಳಿಯಿತು. ದೊಡ್ಡಮ್ಮನಿಂದ ಕತ್ತಿ ಅದ್ದಿ ನೋಡುವುದನ್ನು ಕಲಿತೆ. ಮೆಚ್ಚುಗೆ ಹೀಗೆ ಕೈಗೆ ಹತ್ತಬೇಕು. ಅವಳ ಬದುಕಿನ ಒಂದು ವರ್ಷವನ್ನೂ ನಾನು ಬದುಕಲು ಬಯಸುವುದಿಲ್ಲ. ನನ್ನ ಮಗಳು ಬದುಕುವುದು ಬೇಡವೇ ಬೇಡ. ಹಾಗಿದ್ದೂ ಅವಳಷ್ಟು ನಾನು ಮೆಚ್ಚಿದವರು ಇನ್ನೊಬ್ಬರಿಲ್ಲ.

ಆ ಶಾಲನ್ನು ದೊಡ್ಡಮ್ಮ ಅದೇ ವರ್ಷದ ಸುಗ್ಗಿಯಲ್ಲಿ, ರಾತ್ರಿ ಅಡಿಕೆ ಸುಲಿಯಲು ಬರುತ್ತಿದ್ದ ಒಬ್ಬ ಮುದುಕಿಗೆ ಚಳಿಗೆಂದು ಹೊದಿಸಿ ಕಳಿಸಿದಳು. ಫಲಕ ಮಾತ್ರ ಗೋಡೆಯ ಮೇಲೇ ಇದೆ. ತೆಗೆದರೆ ಕೊಟ್ಟವರ ಮನಸ್ಸು ನೋಯುತ್ತದೆ ಎನ್ನುತ್ತಾಳೆ. ಈಗ ಅವಳಿಗೆ ಎಪ್ಪತ್ತಮೂರು. ತೋಟವನ್ನು ಅಕ್ಕ ನೋಡಿಕೊಳ್ಳುತ್ತಾಳೆ. ಸುಲಿಯುವ ಯಂತ್ರ ತಂದಿದ್ದಾಳೆ, ಎಲೆಚುಕ್ಕಿ ರೋಗ ಬಂದಾಗ ಊರಿನವರು ಮದ್ದಿನ ಲೆಕ್ಕ ಕೇಳಲು ಅವಳ ಬಳಿಗೇ ಬಂದರು. ಮಗ ಓದು ಮುಗಿಸಿ ಕೆಲಸಕ್ಕೆ ಸೇರಿದ್ದಾನೆ.

ಕಳೆದ ಫೆಬ್ರವರಿಯಲ್ಲಿ ಒಂದು ಸಂಘದವರು ಅಕ್ಕನಿಗೆ ಫೋನ್ ಮಾಡಿದರು. ಕಷ್ಟ ಸಹಿಸಿ ಒಬ್ಬಳೇ ಮಗನನ್ನು ಬೆಳೆಸಿದ ತಾಯಿ ಎಂದು ಸನ್ಮಾನಿಸಲು ಆರಿಸಿದ್ದೇವೆ, ಸ್ವವಿವರ ಕಳಿಸಿ ಎಂದರು. ಅಕ್ಕ ಬರುವುದಿಲ್ಲ ಎನ್ನಲಿಲ್ಲ. "ನನ್ನ ಬಗ್ಗೆ ಯಾರು ಮಾತಾಡುತ್ತಾರೆ?" ಎಂದು ಕೇಳಿದಳು. ಅತಿಥಿಗಳ ಹೆಸರು ಹೇಳಿದರು. "ಅವರ ಬದಲು ಹತ್ತು ನಿಮಿಷ ನಾನೇ ಮಾತಾಡಲೇ?" ಎಂದಳು. ಏನು ಮಾತಾಡುತ್ತೀರಿ ಎಂದು ಅವರು ಕೇಳಿದರು. ನಾನು ಯಾಕೆ ಮನೆ ಬಿಟ್ಟೆ, ಅಮ್ಮನ ಹೆಸರಿಗೆ ಖಾತೆ ಹೇಗೆ ಆಯಿತು, ಇಷ್ಟೇ ಎಂದಳು. ವಿಚಾರಿಸಿ ತಿಳಿಸುತ್ತೇವೆ ಎಂದು ಫೋನ್ ಇಟ್ಟರು. ಇನ್ನೂ ತಿಳಿಸಿಲ್ಲ.